ಮಂಡಿಯ ಲಿಗಮೆಂಟ್ ಆಪರೇಷನ್: ಬಿಲ್ಲು ಎಲ್ಲಿ ಬೆಳೆಯುತ್ತದೆ, ಎಲ್ಲಿ ಇಳಿಸಬಹುದು

ಕಬಡ್ಡಿ ಅಂಕಣದಲ್ಲಿ ಕಾಲು ತಿರುಚಿಕೊಳ್ಳುತ್ತದೆ, ಇಲ್ಲವೇ ಒದ್ದೆ ರಸ್ತೆಯಲ್ಲಿ ಬೈಕು ಜಾರುತ್ತದೆ. ಮಂಡಿಯೊಳಗೆ ‘ಟಪ್’ ಎಂದ ಹಾಗಾಗಿ ಎರಡು ಮೂರು ಗಂಟೆಯಲ್ಲಿ ಊದಿಕೊಳ್ಳುತ್ತದೆ. ವಾರ ಕಳೆದ ಮೇಲೆ ಎಂಆರ್‌ಐ ವರದಿಯಲ್ಲಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಮುಖ್ಯ ಲಿಗಮೆಂಟು (ಗಟ್ಟಿ ಪಟ್ಟಿ), ಪೂರ್ತಿ ಹರಿದಿದೆ ಎಂದು ಬರುತ್ತದೆ. ಅಲ್ಲಿಂದ ಶುರುವಾಗುವುದು ದುಡ್ಡಿನ ಗೊಂದಲ. ಒಂದು ನರ್ಸಿಂಗ್ ಹೋಮ್ ಒಂದು ಲಕ್ಷ ಎನ್ನುತ್ತದೆ, ಅದೇ ಊರಿನ ದೊಡ್ಡ ಆಸ್ಪತ್ರೆ ಮೂರು ಲಕ್ಷ ಎನ್ನುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ‘ಇಂಪ್ಲಾಂಟ್ (ಒಳಗೆ ಕೂರಿಸುವ ಸ್ಕ್ರೂ, ಬಟನ್) ಮಾತ್ರ ತಂದುಕೊಡಿ’ ಎನ್ನುತ್ತಾರೆ. ಮಂಡಿ ಅದೇ, ಆಪರೇಷನ್ನೂ ಅದೇ.

ಮೊದಲು ತಿಳಿದಿರಬೇಕಾದ ಮಾತು: ಬರೀ ಎಸಿಎಲ್ ಹರಿದಿದ್ದರೆ ಅದು ತುರ್ತು ಆಪರೇಷನ್ ಅಲ್ಲ. ಊತ ಇಳಿದು ಮಂಡಿ ಸರಾಗವಾಗಿ ಮಡಚಿ ಬಿಡಿಸಲು ಬರುವವರೆಗೆ ಕಾಯುವುದೇ ಸರಿಯಾದ ಕ್ರಮ, ಅದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಆ ವಾರಗಳನ್ನು ಗಾಬರಿಯಲ್ಲಿ ಕಳೆದವರ ಬಿಲ್ಲು ಬೆಳೆಯುತ್ತದೆ. ವಿಚಾರಿಸಿಕೊಂಡು, ಕಾಗದ ಪತ್ರ ಹೊಂದಿಸಿಕೊಂಡು, ವ್ಯಾಯಾಮ ಮಾಡಿಕೊಂಡು ಕಳೆದವರದು ಇಳಿಯುತ್ತದೆ.

ಕಾಯಬಾರದ ಸಂದರ್ಭಗಳು

ಪಾದ ತಣ್ಣಗಾಗಿದ್ದರೆ, ಬಿಳಿಚಿಕೊಂಡಿದ್ದರೆ, ಪಾದವನ್ನು ಮೇಲೆತ್ತಲು ಆಗದಿದ್ದರೆ ಅಥವಾ ಮಂಡಿ ಕೀಲು ತಪ್ಪಿ ಮತ್ತೆ ಕೂತಂತೆ ಅನಿಸಿದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ರಕ್ತನಾಳಕ್ಕೆ ಪೆಟ್ಟಾಗಿರಬಹುದು, ತಾಸುಗಳಲ್ಲಿ ಕಾಲೇ ಕೈತಪ್ಪಬಹುದು. ಮಂಡಿ ಅರ್ಧ ಮಡಚಿದ ಕಡೆ ಸಿಕ್ಕಿಕೊಂಡು ನೇರವಾಗದಿದ್ದರೂ ತಡಮಾಡಬೇಡಿ. ಮೆನಿಸ್ಕಸ್ ಎಂಬ ಗಾದಿಯಂಥ ಮೃದ್ವಸ್ಥಿ ಹರಿದು ಕೀಲಿನ ನಡುವೆ ಸಿಲುಕಿರಬಹುದು. ಬೇಗ ಹೋದರೆ ಹೊಲಿಯಬಹುದು, ತಡವಾದರೆ ಕತ್ತರಿಸಿ ತೆಗೆಯಬೇಕಾಗಬಹುದು.

ಮೊದಲ ಒಪಿಡಿ ಚೀಟಿ

ಇಡೀ ಚಿಕಿತ್ಸೆಯಲ್ಲಿ ಅತಿ ಬೆಲೆಬಾಳುವ ಕಾಗದ ಇದು. ನಾಲ್ಕು ಸಂಗತಿ ಇದರಲ್ಲಿ ಇರಲೇಬೇಕು: ಪೆಟ್ಟು ಬಿದ್ದ ದಿನಾಂಕ, ಹೇಗೆ ಬಿತ್ತು, ಎಡಗಾಲೋ ಬಲಗಾಲೋ, ಆ ಮಂಡಿಗೆ ಹಿಂದೆ ತೊಂದರೆ ಇತ್ತೋ ಇಲ್ಲವೋ.

ಕಾರಣ ವಿಮೆಯಲ್ಲಿದೆ. ಪಾಲಿಸಿ ತೆಗೆದ ಮೊದಲ ಎರಡು ವರ್ಷ ಕೆಲವು ಕಾಯಿಲೆಗಳಿಗೆ ಹಣ ಸಿಗುವುದಿಲ್ಲ ಎಂಬ ಪಟ್ಟಿ ಹೆಚ್ಚಿನ ಪಾಲಿಸಿಗಳಲ್ಲಿರುತ್ತದೆ. ಮಂಡಿಯ ಒಳಗಿನ ಲಿಗಮೆಂಟ್, ಮೆನಿಸ್ಕಸ್ ತೊಂದರೆಗಳನ್ನು ಬಹಳ ಕಂಪನಿಗಳು ಆ ಪಟ್ಟಿಗೆ ಸೇರಿಸಿವೆ. ಆದರೆ ಅಪಘಾತದಿಂದ ಆದ ಗಾಯಕ್ಕೆ ಈ ಕಾಯುವಿಕೆ ಅನ್ವಯಿಸುವುದಿಲ್ಲ. ಚೀಟಿಯಲ್ಲಿ ‘ಮಂಡಿ ನೋವು, ಮೂರು ತಿಂಗಳಿಂದ’ ಎಂದಷ್ಟೇ ಇದ್ದರೆ ಕಂಪನಿ ಅದನ್ನು ಸವಕಳಿ ಎಂದೋ ಹಳೆಯ ಕಾಯಿಲೆ ಎಂದೋ ಓದಿಕೊಳ್ಳುತ್ತದೆ. ‘ಇಂಥ ದಿನ ವಾಲಿಬಾಲ್ ಆಡುವಾಗ ಜಿಗಿದು ಇಳಿದಾಗ ಬಲ ಮಂಡಿ ತಿರುಚಿತು, ಹಿಂದೆ ತೊಂದರೆ ಇರಲಿಲ್ಲ’ ಎಂದಿದ್ದರೆ ಆ ದಾರಿ ಮುಚ್ಚುತ್ತದೆ. ಸುಳ್ಳು ಬರೆಸಬೇಡಿ. ಮುಂದೆ ಎಂಆರ್‌ಐಯಲ್ಲೋ ಹಳೆಯ ಚೀಟಿಯಲ್ಲೋ ಸತ್ಯ ಹೊರಬಿದ್ದರೆ ಇಡೀ ಕ್ಲೇಮು ಮುಳುಗುತ್ತದೆ. ನಿಜವನ್ನೇ ಪೂರ್ತಿ ಬರೆಸಿ, ಅಷ್ಟು ಸಾಕು.

ವಾಹನ ಅಪಘಾತವಾಗಿದ್ದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ, ಪೊಲೀಸರಲ್ಲಿ ದೂರು ದಾಖಲಾಗಲಿ. ಎದುರಿನ ವಾಹನದ ತಪ್ಪಿದ್ದರೆ ಚಿಕಿತ್ಸೆಯ ಖರ್ಚನ್ನೂ ದುಡಿಮೆ ನಿಂತ ದಿನಗಳ ನಷ್ಟವನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು. ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಆದರೆ ಅಪಘಾತವಾದ ದಿನದಿಂದ ಏಳು ದಿನದೊಳಗಿನ ಚಿಕಿತ್ಸೆಗೆ ಮಾತ್ರ. ಮೊದಲ ದಾಖಲಾತಿ, ಎಕ್ಸ್‌ರೇಗಳಿಗೆ ಅದು ಒದಗುತ್ತದೆ. ತಿಂಗಳ ನಂತರದ ಲಿಗಮೆಂಟ್ ಆಪರೇಷನ್ನಿಗೆ ಅದನ್ನು ನೆಚ್ಚಿಕೊಳ್ಳಲಾಗದು.

ಎಣ್ಣೆ ಹಚ್ಚಿ ನೀವಿಸಿಕೊಂಡು, ನಾಟಿ ಕಟ್ಟು ಹಾಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂರುವುದು ನಮ್ಮ ಕಡೆ ಇವತ್ತಿಗೂ ಸಾಮಾನ್ಯ. ಇದರಿಂದ ನಷ್ಟ ಎರಡು ಬಗೆ. ಮಂಡಿ ಬಿಗಿದುಕೊಂಡು ತೊಡೆಯ ಸ್ನಾಯು ಕರಗುತ್ತದೆ. ಪೆಟ್ಟು ಬಿದ್ದ ದಿನಕ್ಕೂ ಮೊದಲ ಚೀಟಿಗೂ ನಡುವೆ ತಿಂಗಳ ಅಂತರ ಬಿದ್ದು ವಿಮೆಯವರಿಗೆ ಪ್ರಶ್ನೆ ಎತ್ತಲು ಕಾರಣ ಸಿಗುತ್ತದೆ.

ಪೆಟ್ಟು ಬಿದ್ದ ಮೊದಲ ಎರಡು ದಿನ ಮಾಡಬೇಕಾದ್ದು ಇಷ್ಟೇ: ಬಟ್ಟೆ ಸುತ್ತಿದ ಐಸ್ 15–20 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ, ಕ್ರೇಪ್ ಬ್ಯಾಂಡೇಜು, ಊರುಗೋಲು, ಮೂಳೆ ಮುರಿದಿಲ್ಲವೆಂದು ನೋಡಲು ಒಂದು ಎಕ್ಸ್‌ರೇ. ಎಂಆರ್‌ಐಗೆ ಓಡಬೇಡಿ. ಮೂಳೆ ತಜ್ಞರು ಕೈಯಲ್ಲೇ ಮಾಡುವ ಲ್ಯಾಕ್‌ಮನ್ ಪರೀಕ್ಷೆ ಎಸಿಎಲ್ ಹರಿದಿರುವುದನ್ನು ಚೆನ್ನಾಗಿಯೇ ತೋರಿಸುತ್ತದೆ. ಎಂಆರ್‌ಐ ಬೇಕಾಗುವುದು ಮೆನಿಸ್ಕಸ್ಸಿಗೂ ಬೇರೆ ಲಿಗಮೆಂಟಿಗೂ ಏನಾಗಿದೆ ಎಂದು ತಿಳಿಯಲು. ಕಡಿಮೆ ಶಕ್ತಿಯ ಯಂತ್ರದಲ್ಲಿ ಅಗ್ಗಕ್ಕೆ ಮಾಡಿಸಿ, ಆಮೇಲೆ ಸರ್ಜನ್ ಒಪ್ಪದೆ ಇನ್ನೊಮ್ಮೆ ಮಾಡಿಸುವುದು ಪದೇಪದೇ ಆಗುವ ದಂಡ. ಮಾಡಿಸುವುದಾದರೆ 1.5 ಟೆಸ್ಲಾ (ಯಂತ್ರದ ಕಾಂತಶಕ್ತಿಯ ಅಳತೆ) ಅಥವಾ ಮೇಲಿನದರಲ್ಲಿ ಒಂದೇ ಸಲ ಮಾಡಿಸಿ. ವರದಿಯ ಜೊತೆ ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ. ಎರಡನೆಯ ವೈದ್ಯರ ಅಭಿಪ್ರಾಯ ಕೇಳಲು ವರದಿಗಿಂತ ಆ ಚಿತ್ರಗಳೇ ಬೇಕು.

ಆಪರೇಷನ್ ಬೇಕೇ ಬೇಕೆ?

ಮಂಡಿಯಲ್ಲಿ ಮುಖ್ಯ ಲಿಗಮೆಂಟು ನಾಲ್ಕು. ಒಳಬದಿಯ ಎಂಸಿಎಲ್ ಒಂದೇ ಹರಿದಿದ್ದರೆ ಬಹುತೇಕ ಬ್ರೇಸ್ (ಮಂಡಿಗೆ ಆಧಾರ ಕೊಡುವ ಪಟ್ಟಿ) ಹಾಕಿ ವ್ಯಾಯಾಮ ಮಾಡಿಸಿದರೆ ಕೂಡಿಕೊಳ್ಳುತ್ತದೆ. ಹಿಂದಿನ ಪಿಸಿಎಲ್ ಭಾಗಶಃ ಹರಿದಿದ್ದರೂ ಹೆಚ್ಚಾಗಿ ಫಿಸಿಯೋಥೆರಪಿ ಸಾಕು. ಆಪರೇಷನ್ ಮಾತು ಹೆಚ್ಚು ಬರುವುದು ಎಸಿಎಲ್‌ಗೆ.

ಅದಕ್ಕೂ ಎಲ್ಲರಿಗೂ ಬೇಕಿಲ್ಲ. ಸ್ವೀಡನ್ನಿನಲ್ಲಿ 121 ಚಟುವಟಿಕೆಯ ಯುವಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಆಪರೇಷನ್, ಇನ್ನೊಂದಕ್ಕೆ ಮೊದಲು ಕ್ರಮಬದ್ಧ ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. ಎರಡನೆಯ ಗುಂಪಿನ 59 ಜನರಲ್ಲಿ ಎರಡು ವರ್ಷದೊಳಗೆ 23 ಮಂದಿ, ಐದು ವರ್ಷದೊಳಗೆ 30 ಮಂದಿ ಆಪರೇಷನ್ ಮಾಡಿಸಿಕೊಂಡರು. ಉಳಿದವರು ಇಲ್ಲದೆಯೇ ನಡೆಸಿದರು. ನೋವು, ಓಡಾಟ, ಬದುಕಿನ ಗುಣಮಟ್ಟದ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹೀಗಾಗಿ ಸರ್ಜನ್ನರಲ್ಲಿ ‘ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಲವತ್ತು ದಾಟಿದ, ಕೂತು ಕೆಲಸ ಮಾಡುವ, ನೇರ ನಡೆಯುವಾಗ ಮಂಡಿ ಕೈಕೊಡದ ವ್ಯಕ್ತಿಗೆ ಇದು ಒಳ್ಳೆಯ ದಾರಿ. ಕಬಡ್ಡಿ, ಫುಟ್‌ಬಾಲಿನಂತೆ ತಟ್ಟನೆ ದಿಕ್ಕು ಬದಲಿಸುವ ಆಟಕ್ಕೆ ಮರಳಬೇಕೆನ್ನುವವರಿಗೆ, ಅಡಕೆ ಮರ ಹತ್ತುವ, ಗದ್ದೆಯ ಬದುವಿನ ಮೇಲೆ ಹೊರೆ ಹೊರುವ ಕೆಲಸದವರಿಗೆ, ಹೊಲಿಯಬಹುದಾದ ಮೆನಿಸ್ಕಸ್ ಗಾಯ ಜೊತೆಗಿರುವವರಿಗೆ, ಎರಡು ಮೂರು ಲಿಗಮೆಂಟು ಹರಿದವರಿಗೆ ಆಪರೇಷನ್ನೇ ಸರಿ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಮಂಡಿ ಪದೇಪದೇ ಜಾರುತ್ತಿದ್ದರೆ ಪ್ರತಿ ಸಲವೂ ಮೆನಿಸ್ಕಸ್ ಸವೆಯಬಹುದು, ಹರಿಯಬಹುದು. ದುಡ್ಡು ಉಳಿಸಲೆಂದು ಜಾರುವ ಮಂಡಿಯಲ್ಲೇ ವರ್ಷ ದೂಡಿದರೆ ಕೊನೆಗೆ ಎಸಿಎಲ್ ಜೊತೆ ಮೆನಿಸ್ಕಸ್ಸಿನ ಖರ್ಚೂ ಸೇರಿಕೊಳ್ಳುತ್ತದೆ.

ಆಪರೇಷನ್ನಿಗೆ ಮೊದಲಿನ ವ್ಯಾಯಾಮ

ಇದನ್ನು ಯಾರೂ ಖರ್ಚು ಇಳಿಸುವ ದಾರಿ ಎಂದು ನೋಡುವುದಿಲ್ಲ, ಆದರೆ ಹೌದು. ಊದಿಕೊಂಡ, ಬಿಗಿದ ಮಂಡಿಯ ಮೇಲೆ ಆತುರದಲ್ಲಿ ಆಪರೇಷನ್ ಮಾಡಿದರೆ ಒಳಗೆ ಗಾಯದ ಅಂಗಾಂಶ ಬೆಳೆದು ಕಾಲು ಪೂರ್ತಿ ನೇರವೂ ಆಗದೆ ಪೂರ್ತಿ ಮಡಚಲೂ ಆಗದೆ ಉಳಿಯಬಹುದು. ಅದನ್ನು ಬಿಡಿಸಲು ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ಒಟಿ (ಆಪರೇಷನ್ ಕೋಣೆ), ಮತ್ತೊಂದು ಬಿಲ್ಲು. ಆಪರೇಷನ್ ದಿನ ಗೊತ್ತುಮಾಡುವ ಮೊದಲು ಈ ಐದನ್ನು ನೋಡಿ: ಊತ ಇಳಿದಿದೆ, ಕಾಲು ಇನ್ನೊಂದರಷ್ಟೇ ನೇರವಾಗುತ್ತದೆ, 120 ಡಿಗ್ರಿಯಾದರೂ ಮಡಚುತ್ತದೆ, ಕುಂಟದೆ ನಡೆಯಬಹುದು, ಮಲಗಿ ಕಾಲನ್ನು ನೇರವಾಗಿಟ್ಟು ಎತ್ತಿದಾಗ ಮಂಡಿ ಬಾಗುವುದಿಲ್ಲ.

ಅಂದಾಜು ಪಟ್ಟಿಯನ್ನು ಓದುವುದು

ಬಾಯಿಮಾತಿನ ‘ಒಂದೂವರೆ ಲಕ್ಷ ಆಗಬಹುದು’ ಲೆಕ್ಕಕ್ಕಿಲ್ಲ. ಲಿಖಿತ ಅಂದಾಜು ಪಟ್ಟಿ ಕೇಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ದರಗಳನ್ನು ಪ್ರದರ್ಶಿಸಬೇಕು. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ಪಟ್ಟಿಯನ್ನು ಮೂರು ಕಡೆಯಿಂದ ತನ್ನಿ: ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಒಂದು ಮಧ್ಯಮ ಗಾತ್ರದ ಮೂಳೆ ಆಸ್ಪತ್ರೆ, ಒಂದು ದೊಡ್ಡ ಖಾಸಗಿ ಆಸ್ಪತ್ರೆ.

ಪಟ್ಟಿಯಲ್ಲಿ ಇರುವುದು ಐದು ಗುಂಪು: ಕೋಣೆ ಬಾಡಿಗೆ ಮತ್ತು ನರ್ಸಿಂಗ್, ಸರ್ಜನ್ ಮತ್ತು ಅರಿವಳಿಕೆ ತಜ್ಞರ ಶುಲ್ಕ, ಒಟಿ ಮತ್ತು ಆರ್ಥ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಉಪಕರಣದ ಬಾಡಿಗೆ, ಇಂಪ್ಲಾಂಟ್, ಔಷಧಿ ಮತ್ತು ಒಮ್ಮೆ ಬಳಸಿ ಎಸೆಯುವ ಸಾಮಾನು. ದೊಡ್ಡ ವ್ಯತ್ಯಾಸ ಹುಟ್ಟುವುದು ಕೊನೆಯ ಎರಡರಲ್ಲಿ. 2018ರ ಫೆಬ್ರುವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ದೆಹಲಿ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿದಾಗ ಕೆಲವು ಸಾಮಾನುಗಳ ಮೇಲೆ ಲಾಭ 1,737 ಶೇಕಡಾವರೆಗೆ ಇತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. 2017ರ ಆಗಸ್ಟಿನಲ್ಲಿ ಸರ್ಕಾರ ಮಂಡಿಯ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತು, ನಿಜ. ಅದು ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ಇಂಪ್ಲಾಂಟಿಗೆ. ಲಿಗಮೆಂಟ್ ಆಪರೇಷನ್ನಿನ ಸ್ಕ್ರೂ, ಬಟನ್‌ಗಳಿಗೆ ಆ ಮಿತಿ ಇಲ್ಲ. ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ನಿಯಮ ಮಾತ್ರ ಇದೆ. ಹಾಗಾಗಿ ಚೌಕಾಸಿಗೆ ಜಾಗ ಇರುವುದೇ ಇಲ್ಲಿ.

ಆಪರೇಷನ್ನಿನಲ್ಲಿ ಆಗುವುದೇನು ಎಂದು ತಿಳಿದರೆ ಕೇಳಬೇಕಾದ್ದು ಹೊಳೆಯುತ್ತದೆ. ಹರಿದ ಎಸಿಎಲ್ ಜಾಗಕ್ಕೆ ಹೊಸ ಹಗ್ಗ ಹಾಕುತ್ತಾರೆ, ಅದೇ ಗ್ರಾಫ್ಟ್. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದಲೋ, ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದಲೋ, ತೊಡೆ ಮುಂಭಾಗದ ಕ್ವಾಡ್ರಿಸೆಪ್ಸ್‌ನಿಂದಲೋ, ಕಾಲಿನ ಪೆರೋನಿಯಸ್ ಲಾಂಗಸ್‌ನಿಂದಲೋ ತೆಗೆಯುತ್ತಾರೆ. ನಿಮ್ಮದೇ ದೇಹದ್ದಾದ್ದರಿಂದ ಗ್ರಾಫ್ಟಿಗೆ ಬೆಲೆ ಇಲ್ಲ. ತೊಡೆಮೂಳೆ, ಕಾಲಮೂಳೆಗಳಲ್ಲಿ ಸುರಂಗ ಕೊರೆದು, ಅದರೊಳಗೆ ಗ್ರಾಫ್ಟ್ ಎಳೆದು, ಮೇಲ್ತುದಿಯನ್ನು ಬಟನ್ನಿನಿಂದ, ಕೆಳತುದಿಯನ್ನು ಸ್ಕ್ರೂವಿನಿಂದ ಹಿಡಿಸುತ್ತಾರೆ. ಆ ಬಟನ್ನು, ಸ್ಕ್ರೂಗಳೇ ಇಂಪ್ಲಾಂಟ್.

ಸರ್ಜನ್ನರ ಮುಂದೆ ಇಡಬೇಕಾದ ಪ್ರಶ್ನೆಗಳು:

– ಸ್ಕ್ರೂ ಟೈಟಾನಿಯಮ್ಮಿನದೋ, ಕರಗುವ ಬಗೆಯದೋ? ಫಲಿತಾಂಶದಲ್ಲಿ ದೊಡ್ಡ ಅಂತರವಿಲ್ಲ, ಬೆಲೆಯಲ್ಲಿದೆ. ಲೋಹದ್ದು ಮುಂದೆ ಎಂಆರ್‌ಐ ಚಿತ್ರವನ್ನು ಸ್ವಲ್ಪ ಮಬ್ಬು ಮಾಡುತ್ತದೆ ಎಂಬುದೊಂದು ಅನನುಕೂಲ.

– ಬಟನ್ನಿನ ಕುಣಿಕೆ ನಿಗದಿತ ಉದ್ದದ್ದೋ, ಹೊಂದಿಸಿಕೊಳ್ಳುವ ಬಗೆಯದೋ? ಎರಡನೆಯದು ದುಬಾರಿ, ಕೆಲಸ ಎರಡೂ ಮಾಡುತ್ತವೆ.

– ಭಾರತದಲ್ಲಿ ತಯಾರಾದ ಇಂಪ್ಲಾಂಟ್ ನೀವು ಬಳಸುತ್ತೀರಾ? ಸ್ಮಿತ್ ಅಂಡ್ ನೆಫ್ಯೂ, ಆರ್ಥ್ರೆಕ್ಸ್‌ನಂಥ ವಿದೇಶಿ ಕಂಪನಿಗಳ ಜೊತೆ ಈಗ ಬೆಂಗಳೂರಿನ ಹೆಲ್ತಿಯಮ್ ಮೆಡ್‌ಟೆಕ್‌ನಂಥವೂ ಇವೆ. ಆದರೆ ಸರ್ಜನ್ನರ ಕೈಗೆ ಪಳಗದ ಉಪಕರಣವನ್ನು ಅಗ್ಗ ಎಂದು ಒತ್ತಾಯಿಸಿ ಹಾಕಿಸಬೇಡಿ.

– ಒಳಗೆ ನೋಡಿದಾಗ ಮೆನಿಸ್ಕಸ್ ಹೊಲಿಯಬೇಕಾಗಿ ಬಂದರೆ ಎಷ್ಟು ಹೆಚ್ಚು? ಬಿಲ್ಲು ಅಂದಾಜು ಮೀರುವುದು ಹೆಚ್ಚಾಗಿ ಇಲ್ಲೇ. ಒಳಗಿನಿಂದಲೇ ಹೊಲಿಯುವ ತಯಾರು ಸಾಧನಗಳು ಒಂದೊಂದಕ್ಕೆ ಹತ್ತು ಸಾವಿರ ದಾಟುತ್ತವೆ, ಎರಡು ಮೂರು ಬೇಕಾಗಬಹುದು. ಜಾಗ ಅನುಕೂಲವಾಗಿದ್ದರೆ ಸಾದಾ ದಾರದಲ್ಲಿ ಹೊರಗಿನಿಂದ ಕಟ್ಟುವ ಕ್ರಮವೂ ಇದೆ, ಅದು ಅಗ್ಗ. ‘ಹೊಲಿಗೆ ಇಲ್ಲದಿದ್ದರೆ ಇಷ್ಟು, ಇದ್ದರೆ ಇಷ್ಟು’ ಎಂದು ಎರಡು ಅಂಕಿ ಬರೆಸಿಕೊಳ್ಳಿ. ಹೊಲಿಯುವ ಬದಲು ಕತ್ತರಿಸಿಬಿಡಿ ಎಂದು ದುಡ್ಡಿಗಾಗಿ ಮಾತ್ರ ಹೇಳಬೇಡಿ. ಮೆನಿಸ್ಕಸ್ ಕಳೆದುಕೊಂಡ ಮಂಡಿ ಬೇಗ ಸವೆಯುತ್ತದೆ.

– ಶೇವರ್ ಬ್ಲೇಡು, ರೇಡಿಯೋ ಫ್ರೀಕ್ವೆನ್ಸಿ ಕಡ್ಡಿ, ಪಂಪಿನ ಟ್ಯೂಬಿನಂಥ ಒಮ್ಮೆ ಬಳಸುವ ಸಾಮಾನುಗಳು ಪ್ಯಾಕೇಜಿನಲ್ಲಿ ಸೇರಿವೆಯೇ? ಹೊಸದೆಂದು ಬಿಲ್ಲು ಮಾಡಿದರೆ ಹೊಸದೇ ತೆರೆಯಬೇಕು. ಖಾಲಿ ಪೊಟ್ಟಣ, ಸ್ಟಿಕರ್ ಕೊಡಿ ಎಂದು ಮೊದಲೇ ಹೇಳಿಡಿ.

– ವರ್ಷಕ್ಕೆ ಎಷ್ಟು ಎಸಿಎಲ್ ಮಾಡುತ್ತೀರಿ? ಇದನ್ನು ಕೇಳಲು ಸಂಕೋಚ ಬೇಡ. ಗ್ರಾಫ್ಟ್ ಸೋಲುವುದಕ್ಕೆ ತಾಂತ್ರಿಕ ಕಾರಣಗಳಲ್ಲಿ ಮುಖ್ಯವಾದದ್ದು ಸುರಂಗವನ್ನು ತಪ್ಪು ಜಾಗದಲ್ಲಿ ಕೊರೆಯುವುದು. ಅದು ಕೈ ಪಳಗುವಿಕೆಯ ವಿಷಯ, ಇಪ್ಪತ್ತು ಸಾವಿರ ಉಳಿಸಲು ಅಲ್ಲಿ ರಾಜಿಯಾಗಬಾರದು.

ಬೇಡವೆನ್ನಬಹುದಾದವೂ ಇವೆ. ದಾನಿಯ ಗ್ರಾಫ್ಟ್ ಬೆಲೆಯೂ ಹೆಚ್ಚು, ಯುವ ಆಟಗಾರರಲ್ಲಿ ಮತ್ತೆ ಹರಿಯುವುದೂ ಹೆಚ್ಚು. ಪೂರ್ತಿ ಹರಿದ ಎಸಿಎಲ್‌ಗೆ ಪಿಆರ್‌ಪಿ (ರೋಗಿಯದೇ ರಕ್ತದಿಂದ ಬೇರ್ಪಡಿಸಿದ ಅಂಶ), ಸ್ಟೆಮ್‌ಸೆಲ್ ಇಂಜೆಕ್ಷನ್ನು ಸ್ಥಾಪಿತ ಚಿಕಿತ್ಸೆ ಅಲ್ಲ. ಬರೀ ಎಸಿಎಲ್ ಆಪರೇಷನ್ ಆದವರಿಗೆ ದುಬಾರಿ ಕೀಲುಬ್ರೇಸು ಕಡ್ಡಾಯವಲ್ಲ, ಕಾಲನ್ನು ತಾನೇ ಮಡಚಿ ಬಿಡಿಸುವ ಯಂತ್ರದ ಬಾಡಿಗೆಯೂ ಬೇಕಿಲ್ಲ. ಮೆನಿಸ್ಕಸ್ ಹೊಲಿದಿದ್ದರೆ, ಬೇರೆ ಲಿಗಮೆಂಟೂ ಹರಿದಿದ್ದರೆ ಬ್ರೇಸು ಬೇಕು. ಆಗ ಆಸ್ಪತ್ರೆಯೊಳಗೆ ಕೊಳ್ಳುವ ಮೊದಲು ಹೊರಗಿನ ಸರ್ಜಿಕಲ್ ಅಂಗಡಿಯಲ್ಲಿ ಬೆಲೆ ಕೇಳಿ.

ಯಾರ ದುಡ್ಡಿನಲ್ಲಿ?

ಬಿಪಿಎಲ್ ಕಾರ್ಡಿದ್ದರೆ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ಮಿತಿ 1.5 ಲಕ್ಷ. ಕ್ರಮ ತಪ್ಪಿದರೆ ಸಿಗುವುದಿಲ್ಲ: ಲಿಗಮೆಂಟ್ ಆಪರೇಷನ್ ತುರ್ತು ಅಲ್ಲವಾದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಮಾತ್ರ ರೆಫರಲ್ ಪತ್ರ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ. ನೇರ ಖಾಸಗಿಗೆ ದಾಖಲಾಗಿ ಆಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಮೂರು ಮಾತು ಕೇಳಿ: ಈ ಚಿಕಿತ್ಸೆಯ ಕೋಡ್ ಯಾವುದು, ಇಂಪ್ಲಾಂಟ್ ಪ್ಯಾಕೇಜಿನೊಳಗಿದೆಯೇ, ಮುಂಗಡ ಅನುಮತಿಗೆ ಎಷ್ಟು ದಿನ.

ಬೆಂಗಳೂರಿನಲ್ಲಿ ಸಂಜಯ ಗಾಂಧಿ ಟ್ರಾಮಾ ಮತ್ತು ಮೂಳೆ ಸಂಸ್ಥೆ ಈ ಕೆಲಸಕ್ಕೇ ಮೀಸಲಾದ ಸರ್ಕಾರಿ ಜಾಗ. ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗದಲ್ಲಿ ಆರ್ಥ್ರೋಸ್ಕೋಪಿ ದಿನ ಯಾವುದು ಎಂದು ವಿಚಾರಿಸಿ. ಸರದಿ ಇರುತ್ತದೆ, ಆದರೆ ಮೇಲೆ ಹೇಳಿದ ವ್ಯಾಯಾಮದ ವಾರಗಳು ಹೇಗೂ ಬೇಕು. ಸರದಿಗೆ ಹೆಸರು ಮೊದಲೇ ಹಚ್ಚಿಬಿಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಅದರ ಮಿತಿಯೂ ವರ್ಷಕ್ಕೆ 5 ಲಕ್ಷ. ನೋಂದಣಿ ವರ್ಷಕ್ಕೊಮ್ಮೆ ನಿಗದಿತ ಅವಧಿಯಲ್ಲಿ ಮಾತ್ರ. ಹಾಲಿನ ಡೇರಿ ಸದಸ್ಯತ್ವ ಇದ್ದೂ ನೋಂದಣಿ ಬಿಟ್ಟವರು ಬಹಳ ಮಂದಿ. ರಾಜ್ಯ ಸರ್ಕಾರಿ ನೌಕರರಾದರೆ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯಡಿ ಯಾವ ಆಸ್ಪತ್ರೆ ಎಂದು ಕಚೇರಿಯಲ್ಲಿ ವಿಚಾರಿಸಿ.

ತಿಂಗಳ ಸಂಬಳ 21,000ದೊಳಗಿರುವ ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿ ನೌಕರರು ಇಎಸ್‌ಐ (ನೌಕರರ ರಾಜ್ಯ ವಿಮೆ) ಮರೆಯಬಾರದು. ಆಪರೇಷನ್ನಿಗೆ ಸೀಮಿತವಲ್ಲ ಅದು. ಕಾಯಿಲೆ ರಜೆಯಲ್ಲಿ ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೆಲಸದ ವೇಳೆ ಆದ ಗಾಯವಾದರೆ ಶೇ 90. ಅದಕ್ಕೆ ಮಾಲೀಕರಿಂದ ಅಪಘಾತ ವರದಿ ಅಂದೇ ಆಗಬೇಕು. ದುಡಿಮೆ ನಿಂತ ಮನೆಗೆ ಈ ಹಣ ಆಪರೇಷನ್ ಬಿಲ್ಲಿನಷ್ಟೇ ಮುಖ್ಯ.

ಖಾಸಗಿ ವಿಮೆ: ಕೋಣೆ ಆರಿಸುವಾಗ ಆಗುವ ನಷ್ಟ

ಪಾಲಿಸಿಯಲ್ಲಿ ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ 1 ಎಂಬ ಮಿತಿ ಇದೆಯೇ ನೋಡಿ. 3 ಲಕ್ಷದ ಪಾಲಿಸಿ ಎಂದರೆ ದಿನಕ್ಕೆ 3,000. ನೀವು 6,000ದ ಕೋಣೆ ತೆಗೆದುಕೊಂಡರೆ ನಷ್ಟ ದಿನಕ್ಕೆ 3,000 ಮಾತ್ರ ಎಂದುಕೊಳ್ಳುವುದು ತಪ್ಪು. ಕೋಣೆಯ ಅನುಪಾತದಲ್ಲಿ ಸರ್ಜನ್, ಅರಿವಳಿಕೆ, ಒಟಿ, ನರ್ಸಿಂಗ್ ಶುಲ್ಕವೂ ಅರ್ಧಕ್ಕೆ ಇಳಿಯುತ್ತದೆ. ಔಷಧಿ, ಸಾಮಾನು, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಮಾಡುವಂತಿಲ್ಲ. ಮಾಡಿದ್ದರೆ ಪ್ರಶ್ನಿಸಿ.

ಒಂದು ಲೆಕ್ಕ ಹಾಕೋಣ. ಮೂರು ದಿನದ ಕೋಣೆ 18,000. ಸರ್ಜನ್, ಅರಿವಳಿಕೆ, ಒಟಿ, ನರ್ಸಿಂಗ್ ಸೇರಿ 1,00,000. ಇಂಪ್ಲಾಂಟ್, ಔಷಧಿ, ಪರೀಕ್ಷೆ 87,000. ಒಟ್ಟು 2,05,000. ವಿಮೆ ಕೊಡುವುದು 9,000 + 50,000 + 87,000, ಅಂದರೆ 1,46,000. ನಿಮ್ಮ ಜೇಬಿನಿಂದ 59,000. ಜೊತೆಗೆ ಐಸಿಯು ಅಲ್ಲದ ಕೋಣೆಯ ಬಾಡಿಗೆ ದಿನಕ್ಕೆ 5,000 ದಾಟಿದರೆ ಶೇ 5 ಜಿಎಸ್‌ಟಿ, ಇಲ್ಲಿ 900. ಅದೇ 3,000ದ ಕೋಣೆಯಾಗಿದ್ದರೆ ಈ ಕಡಿತವೇ ಇರುತ್ತಿರಲಿಲ್ಲ. ಮೇಲಾಗಿ ಬಹಳ ಆಸ್ಪತ್ರೆಗಳಲ್ಲಿ ಕೋಣೆ ದರ್ಜೆ ಏರಿದಂತೆ ಸರ್ಜನ್ ಶುಲ್ಕವೂ ಏರುತ್ತದೆ. ವಿಮೆ ಇಲ್ಲದವರಿಗೂ ಜನರಲ್ ವಾರ್ಡು, ಹಂಚಿಕೊಂಡ ಕೋಣೆಯೇ ಲಾಭ. ಒಂದೆರಡು ರಾತ್ರಿಯ ವಾಸ ಅಷ್ಟೇ.

ದಾಖಲಾಗುವ ದಿನ ಗೊತ್ತಿರುವುದರಿಂದ ನಗದುರಹಿತ ಅನುಮತಿಗೆ ಮೂರು ನಾಲ್ಕು ದಿನ ಮೊದಲೇ ಅರ್ಜಿ ಹಾಕಿಸಿ. 2024ರ ಮೇ ತಿಂಗಳ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಅನುಮತಿ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ‘ಕ್ರೀಡೆಯ ಗಾಯಕ್ಕೆ ವಿಮೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಪಾಲಿಸಿ ತೆಗೆದು ಓದಿ. ಸಾಮಾನ್ಯ ನಿಯಮದಲ್ಲಿ ಹೊರಗಿಟ್ಟಿರುವುದು ಪರ್ವತಾರೋಹಣ, ಮೋಟಾರ್ ರೇಸಿಂಗ್‌ನಂಥ ಅಪಾಯದ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿದವರನ್ನು. ಭಾನುವಾರದ ಕ್ರಿಕೆಟ್ ಅದರಲ್ಲಿ ಬರುವುದಿಲ್ಲ.

ದಾಖಲಾತಿಗೆ ಮೊದಲಿನ ಎಂಆರ್‌ಐ, ಸಮಾಲೋಚನೆ, ಆಮೇಲಿನ ಔಷಧಿಗೂ ಪಾಲಿಸಿಯಲ್ಲಿ ಹಣ ಇರುತ್ತದೆ. ಮೊದಲಿನ 30 ಅಥವಾ 60 ದಿನ, ಆಮೇಲಿನ 60, 90 ಅಥವಾ 180 ದಿನ ಎಂದು ಬರೆದಿರುತ್ತದೆ. ಎಂಆರ್‌ಐ ಆಗಿ 40 ದಿನಕ್ಕೆ ಆಪರೇಷನ್ ಆದರೆ, 30 ದಿನದ ಪಾಲಿಸಿಯಲ್ಲಿ ಆ ಹಣ ಹೋಯಿತು. ದಿನ ಗೊತ್ತುಮಾಡುವಾಗ ಇದನ್ನೂ ಎಣಿಸಿ. ಫಿಸಿಯೋಥೆರಪಿ ಹಣ ಬೇಕಾದರೆ ಎಷ್ಟು ವಾರ, ವಾರಕ್ಕೆ ಎಷ್ಟು ಸಲ ಎಂದು ಡಿಸ್ಚಾರ್ಜ್ ಪತ್ರದಲ್ಲೇ ಸರ್ಜನ್ ಬರೆದಿರಬೇಕು. ಬ್ರೇಸು, ಊರುಗೋಲು, ಕೈಗವಸುಗಳಿಗೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ, ಅದಕ್ಕೆ ಪ್ರತ್ಯೇಕ ರೈಡರ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಇರಬೇಕು.

ಬಿಡುಗಡೆಯ ದಿನ

ಅವಸರದಲ್ಲಿ ಹೊರಡಬೇಡಿ. ಒಟ್ಟು ಮೊತ್ತದ ಬಿಲ್ಲಲ್ಲದೆ ಸಾಲುಸಾಲಾಗಿ ಬಿಡಿಸಿದ ಬಿಲ್ಲು ಪಡೆಯಿರಿ. ಅಂದಾಜು ಪಟ್ಟಿ ಪಕ್ಕದಲ್ಲಿಟ್ಟು ನೋಡಿ: ಬಳಸದೆ ಹಿಂದಿರುಗಿಸಿದ ಔಷಧಿಯ ಹಣ ಕಳೆದಿದ್ದಾರೆಯೇ, ಒಂದೇ ಸಾಮಾನು ಒಟಿ ಪ್ಯಾಕೇಜಿನಲ್ಲೂ ಔಷಧಿ ಪಟ್ಟಿಯಲ್ಲೂ ಎರಡು ಸಲ ಬಂದಿದೆಯೇ, ಬಿಡುಗಡೆಯ ದಿನಕ್ಕೂ ಪೂರ್ತಿ ಬಾಡಿಗೆ ಹಾಕಿದ್ದಾರೆಯೇ. ಇಂಪ್ಲಾಂಟಿನ ಬ್ಯಾಚ್ ಸಂಖ್ಯೆ ಇರುವ ಸ್ಟಿಕರ್ ಮತ್ತು ಅದರ ಇನ್‌ವಾಯ್ಸ್ ಎರಡೂ ಬೇಕು. ಸ್ಟಿಕರ್ ಇಲ್ಲದೆ ಇಂಪ್ಲಾಂಟ್ ಹಣ ತಡೆಹಿಡಿಯುವುದು ಮಾಮೂಲು. ಮುಂದೆ ಎಂದಾದರೂ ಮರು ಆಪರೇಷನ್ ಬೇಕಾದರೆ ಒಳಗೇನಿದೆ ಎಂದು ಹೇಳುವ ದಾಖಲೆಯೂ ಅದೇ.

ಕ್ಲೇಮು ತಿರಸ್ಕಾರವಾದರೆ ಕಾರಣವನ್ನೂ ಪಾಲಿಸಿಯ ಷರತ್ತಿನ ಸಂಖ್ಯೆಯನ್ನೂ ಬರಹದಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮೊದಲ ಒಪಿಡಿ ಚೀಟಿ ಸರಿಯಾಗಿದ್ದವರ ಕೈ ಇಲ್ಲಿ ಮೇಲಾಗುತ್ತದೆ.

ಫಿಸಿಯೋಥೆರಪಿ: ಇಲ್ಲಿ ಉಳಿಸಬೇಡಿ

ಕೋಣೆಯಲ್ಲಿ ಉಳಿಸಿ, ಇಂಪ್ಲಾಂಟಿನಲ್ಲಿ ಉಳಿಸಿ, ಬ್ರೇಸಿನಲ್ಲಿ ಉಳಿಸಿ. ಫಿಸಿಯೋದಲ್ಲಿ ಮಾತ್ರ ಬೇಡ. ಆಪರೇಷನ್ ಆದವರು ಹೊಲಿಗೆ ಬಿಚ್ಚಿದ ಮೇಲೆ ಮೂರು ನಾಲ್ಕು ಸಲ ಹೋಗಿ ನಿಲ್ಲಿಸಿಬಿಡುತ್ತಾರೆ, ಕಾರಣ ಪ್ರತಿ ಸಲದ ಶುಲ್ಕ, ಬಸ್ಸಿನ ಖರ್ಚು. ಅದಕ್ಕೆ ದಾರಿ ಇದೆ. ಮೊದಲ ಎರಡು ವಾರ ಹತ್ತಿರದಲ್ಲಿ ವಾರಕ್ಕೆ ಎರಡು ಮೂರು ಸಲ ಹೋಗಿ ಚೆನ್ನಾಗಿ ಕಲಿತುಕೊಳ್ಳಿ, ಆಮೇಲೆ ಮನೆಯಲ್ಲೇ ದಿನಕ್ಕೆ ಮೂರು ಹೊತ್ತು ಮಾಡಿ, ಹದಿನೈದು ದಿನಕ್ಕೊಮ್ಮೆ ತೋರಿಸಿ ಮುಂದಿನ ಹಂತ ಕೇಳಿ. ಸರ್ಜನ್ ಕೊಟ್ಟ ವ್ಯಾಯಾಮದ ಪಟ್ಟಿಯನ್ನು ನಿಮ್ಮೂರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಒಯ್ದರೂ ಕೆಲಸ ನಡೆಯುತ್ತದೆ.

ಮೊದಲ ವಾರದ ಗುರಿ ಕಾಲು ನೇರವಾಗುವುದು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಗೆ ಬಿಡಿ. ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆ, ಆದರೆ ಕಾಲು ಮಡಚಿದಂತೆಯೇ ಬಿಗಿಯುತ್ತದೆ. ಎರಡು ವಾರಕ್ಕೆ 90 ಡಿಗ್ರಿ ಮಡಚಬೇಕು. ಮೆನಿಸ್ಕಸ್ ಹೊಲಿದಿದ್ದರೆ ನಾಲ್ಕರಿಂದ ಆರು ವಾರ 90 ಡಿಗ್ರಿ ದಾಟಬಾರದು, ಭಾರವನ್ನೂ ಸರ್ಜನ್ ಹೇಳಿದಷ್ಟೇ ಹಾಕಬೇಕು. ಭಾರತೀಯ ಶೌಚಾಲಯವಿರುವ ಮನೆಯಾದರೆ ಆಪರೇಷನ್ನಿಗೆ ಮೊದಲೇ ಒಂದು ಕಮೋಡ್ ಕುರ್ಚಿ ಹೊಂದಿಸಿ. ಅದನ್ನೂ ಊರುಗೋಲನ್ನೂ ಬಾಡಿಗೆಗೆ ತರಬಹುದು, ನೆಂಟರಲ್ಲಿ ಕೇಳಿದರೂ ಸಿಗುತ್ತದೆ. ಮೀನಖಂಡ ಊದಿ ನೋಯತೊಡಗಿದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ.

ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರ, ಬೈಕಿಗೆ ಆರರಿಂದ ಎಂಟು ವಾರ, ಹೊಲದ ಕೆಲಸಕ್ಕೆ ನಾಲ್ಕು ತಿಂಗಳಾದರೂ ಬೇಕು. ರೈತರು ನಾಟಿ, ಕೊಯ್ಲು ಯಾವಾಗ ಬರುತ್ತದೆಂದು ನೋಡಿ ಆಪರೇಷನ್ ದಿನ ಇಟ್ಟುಕೊಂಡರೆ ಆಳಿನ ಕೂಲಿ ಉಳಿಯುತ್ತದೆ.

ಆಟಕ್ಕೆ ಮರಳಲು ಒಂಬತ್ತು ತಿಂಗಳು. ಐದಾರು ತಿಂಗಳಿಗೆ ನೋವೇ ಇರುವುದಿಲ್ಲ, ಓಡಬಹುದು, ಗೆಳೆಯರು ಕರೆಯುತ್ತಾರೆ. ಆದರೆ ಹೊಸ ಗ್ರಾಫ್ಟ್ ಒಳಗೆ ಇನ್ನೂ ಲಿಗಮೆಂಟಾಗಿ ಬದಲಾಗುತ್ತಿರುತ್ತದೆ. 2016ರಲ್ಲಿ ಪ್ರಕಟವಾದ ನಾರ್ವೆ–ಅಮೆರಿಕದ ಜಂಟಿ ಅಧ್ಯಯನದಲ್ಲಿ ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಯ ಮರುಗಾಯದ ಪ್ರಮಾಣ ಶೇ 51ರಷ್ಟು ಇಳಿದಿತ್ತು. ಕ್ಯಾಲೆಂಡರ್ ನೋಡಿದರಷ್ಟೇ ಸಾಲದು, ಆಪರೇಷನ್ ಆದ ಕಾಲಿನ ತೊಡೆಯ ಬಲ ಇನ್ನೊಂದರ ಶೇ 90 ಮುಟ್ಟಿರಬೇಕು, ಒಂಟಿಕಾಲಿನ ಜಿಗಿತದ ದೂರವೂ ಅಷ್ಟೇ. ಒಂಟಿಕಾಲಿನ ಜಿಗಿತ ಅಳೆಯಲು ಯಂತ್ರ ಬೇಕಿಲ್ಲ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಫಿಸಿಯೋ ಎದುರು ಮೊದಲು ಒಳ್ಳೆಯ ಕಾಲಿನಲ್ಲಿ ಮೂರು ಸಲ, ಆಮೇಲೆ ಆಪರೇಷನ್ ಆದ ಕಾಲಿನಲ್ಲಿ ಮೂರು ಸಲ ಜಿಗಿದು ಟೇಪು ಹಿಡಿದರೆ ಸಾಕು. ಒಳ್ಳೆಯ ಕಾಲು 150 ಸೆಂಟಿಮೀಟರ್ ಹಾರಿದರೆ ಇನ್ನೊಂದು 135 ಮುಟ್ಟಬೇಕು. ಮುಟ್ಟದಿದ್ದರೆ ಇನ್ನೊಂದು ತಿಂಗಳು ವ್ಯಾಯಾಮ ಮಾಡಿ ಮತ್ತೆ ಅಳೆಯಿರಿ.